ಗ್ರೂಪ್ ಪಾಲಿಸಿ ಇನ್ನೊಂದು ಡೊಮೈನ್‌ಗೆ ಒಯ್ಯೋದು ಹೆಂಗ?

ಗಂಗಾವತಿಯ ಒಂದು ರೈಸ್ ಮಿಲ್ ಆಫೀಸು ಬಳ್ಳಾರಿ ಕಂಪನಿಗೆ ಸೇರ್ತು ಅಂತ ಇಟ್ಕೋರಿ, ಎರಡೂ ಕಡೆ ಆಕ್ಟಿವ್ ಡೈರೆಕ್ಟರಿ ಡೊಮೈನ್ (ಆಫೀಸಿನ ಕಂಪ್ಯೂಟರು, ಯೂಸರ್‌ಗಳನ್ನ ಒಂದೇ ಕಡೆಯಿಂದ ನಡೆಸೋ ವಿಂಡೋಸ್ ವ್ಯವಸ್ಥೆ) ಬೇರೆ ಬೇರೆ. ಪೆನ್‌ಡ್ರೈವ್ ಬಂದ್, ಸ್ಕ್ರೀನ್ ಲಾಕ್ ಎಲ್ಲಾ ಗಂಗಾವತಿಯೊಳಗ ಗ್ರೂಪ್ ಪಾಲಿಸಿಯಿಂದ, ಅಂದ್ರ ಡೊಮೈನ್‌ನ ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಹಾಕೋ ಸೆಟ್ಟಿಂಗ್‌ಗಳಿಂದ, ಸೆಟ್ ಆಗೇತಿ, ಅದನ್ನ ಬಳ್ಳಾರಿಯೊಳಗ ಮತ್ತ ಕೈಲೇ ಮಾಡ್ಕೋತ ಕುಂತ್ರ ಮುಗಿಯಂಗಿಲ್ಲ. ಸರ್ವರ್‌ನಾಗ ಪಾಲಿಸಿ ಫೈಲ್ ಇರೋ ಸಿಸ್‌ವಾಲ್ ಫೋಲ್ಡರ್ ಕಾಪಿ ಹೊಡದ್ರಾತು ಅನ್ನೋರು ಅದಾರ, ಆಗಂಗಿಲ್ರಿ, ಪಾಲಿಸಿ ಒಂದ್ ಭಾಗ ಅಲ್ಲಿದ್ರ ಇನ್ನೊಂದ್ ಭಾಗ ಡೈರೆಕ್ಟರಿ ಒಳಗ ಇರ್ತೈತಿ.

ಡೊಮೈನ್‌ಗಳ ನಡುವೆ ಟ್ರಸ್ಟ್ (ಒಂದರ ಯೂಸರ್‌ಗಳನ್ನ ಇನ್ನೊಂದು ನಂಬೋ ಜೋಡಣಿ) ಇದ್ರ ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್ ಕನ್ಸೋಲ್‌ನಾಗ ಕಾಪಿ-ಪೇಸ್ಟ್ ನಡೀತೈತಿ. ಇಲ್ಲಂದ್ರ ಹಳೇ ಡೊಮೈನ್‌ನಾಗ ಬ್ಯಾಕಪ್ ತಗೊಂಡು, ಆ ಫೋಲ್ಡರ್ ಹೊಸ ಕಡೆ ಒಯ್ದು, ಅಲ್ಲಿ ಒಂದು ಖಾಲಿ ಪಾಲಿಸಿ ಮಾಡಿ, ಅದರ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಇಂಪೋರ್ಟ್ ಸೆಟ್ಟಿಂಗ್ಸ್ ಒತ್ರಿ. ಖಾಲೀದೇ ಬೇಕು, ಯಾಕಂದ್ರ ಇಂಪೋರ್ಟ್ ಆದಾಗ ಅದರಾಗಿದ್ದ ಹಳೇ ಸೆಟ್ಟಿಂಗ್ ಎಲ್ಲಾ ಅಳಸಿ ಹೋಗ್ತಾವ.

ಖರೇ ಕೆಲಸ ಮೈಗ್ರೇಷನ್ ಟೇಬಲ್‌ನಾಗ ಐತಿ, ಹಳೇ ಹೆಸರಿಗೆ ಹೊಸ ಹೆಸರು ಜೋಡಿಸೋ ಪಟ್ಟಿ ಅದು, ಇಂಪೋರ್ಟ್ ಮಾಡೋವಾಗ ಅದನ್ನ ಕೊಡ್ಬೇಕು. ಪಾಲಿಸಿ ಒಳಗ ಹಳೇ ಡೊಮೈನ್‌ನ ಗ್ರೂಪ್ ಹೆಸರು, ಸರ್ವರ್‌ನ ಶೇರ್ ಪಾತ್ ಹುದುಗಿರ್ತಾವ, ಹೊಸ ಡೊಮೈನ್‌ಗೆ ಅವು ಗುರ್ತೇ ಇಲ್ಲದ ಹೆಸರು. ಮೈಗ್ರೇಷನ್ ಟೇಬಲ್ ಎಡಿಟರ್ ತಗದು, ಟೂಲ್ಸ್ ಮೆನುದಾಗ ಪಾಪ್ಯುಲೇಟ್ ಫ್ರಮ್ ಬ್ಯಾಕಪ್ ಕೊಟ್ರ ಎಡಕ್ಕ ಹಳೇ ಹೆಸರೆಲ್ಲಾ ತಾನೇ ಬರ್ತಾವ, ಬಲಕ್ಕ ಹೊಸಾವು ನೀವು ತುಂಬ್ರಿ. ಗ್ರೂಪ್ ಹೆಸರು ಎರಡೂ ಕಡೆ ಒಂದೇ ಇದ್ರ 'ಮ್ಯಾಪ್ ಬೈ ರಿಲೇಟಿವ್ ನೇಮ್' ಸಾಕು. ಮುಗಿದ ಮ್ಯಾಲೆ ವ್ಯಾಲಿಡೇಟ್ ಒತ್ರಿ, ಇದನ್ನ ಬಿಡಬ್ಯಾಡ್ರಿ. ಪಾಲಿಸಿಯ ಪ್ರಿಫರೆನ್ಸಸ್ ಭಾಗದಾಗ ಮ್ಯಾಪ್ ಮಾಡಿದ ಡ್ರೈವ್, ಪ್ರಿಂಟರ್ ಪಾತ್ ಮಾತ್ರ ಈ ಟೇಬಲ್ ಮುಟ್ಟಂಗಿಲ್ಲ, ಅವನ್ನ ಕೈಲೇ ಬದಲಿ ಮಾಡ್ಬೇಕು, ಬ್ಯಾಸರದ ಕೆಲಸ ಖರೆ.

ಇಂಪೋರ್ಟ್ ಜೊತಿ ಓಯು (ಡೊಮೈನ್ ಒಳಗ ಕಂಪ್ಯೂಟರು, ಯೂಸರ್‌ಗಳನ್ನ ಗುಂಪು ಮಾಡಿ ಇಡೋ ಫೋಲ್ಡರ್ ಇದ್ದಂಗ) ಲಿಂಕ್, ಪಾಲಿಸಿ ಯಾರಿಗೆ ಹತ್ಬೇಕು ಅನ್ನೋ ಸೆಕ್ಯುರಿಟಿ ಫಿಲ್ಟರಿಂಗ್ ಬರಂಗಿಲ್ಲ, ಎಂಥಾ ಕಂಪ್ಯೂಟರ್‌ಗೆ ಹತ್ಬೇಕು ಅನ್ನೋ ಡಬ್ಲ್ಯೂಎಂಐ ಫಿಲ್ಟರ್‌ನ ಬೇರೆ ಎಕ್ಸ್‌ಪೋರ್ಟ್ ಮಾಡಿ ತರ್ಬೇಕು. ಮೊದಲು ಒಂದು ಟೆಸ್ಟ್ ಓಯು ಮಾಡಿ, ಎರಡು-ಮೂರು ಕಂಪ್ಯೂಟರ್ ಅದರಾಗ ಹಾಕಿ ಅಷ್ಟಕ್ಕೇ ಲಿಂಕ್ ಕೊಡ್ರಿ. ಸುಮ್ನ ಬಿಟ್ರ ಪಾಲಿಸಿ ರಿಫ್ರೆಶ್ ಆಗಾಕ 90 ನಿಮಿಷ, ಅದರ ಮ್ಯಾಲೆ 30 ನಿಮಿಷದ ತನಕ ಹೆಚ್ಚುಕಡಿಮಿ ಹಿಡೀತೈತಿ, ಅದಕ್ಕ ಜಿಪಿಅಪ್‌ಡೇಟ್ ಫೋರ್ಸ್ (gpupdate /force) ಕಮಾಂಡ್ ಓಡಿಸಿ ಜಿಪಿರಿಸಲ್ಟ್ (gpresult) ರಿಪೋರ್ಟ್ ತಗದು ನೋಡ್ರಿ, ಯಾವ ಪಾಲಿಸಿ ಹತ್ತೇತಿ, ಯಾವುದು ಹತ್ತಿಲ್ಲ ಅನ್ನೋದು ಹೆಸರಿನ ಸಮೇತ ಅದರಾಗ ಇರ್ತೈತಿ.