ಗಣಪತಿಯ ಮಣ್ಣಿನಲ್ಲಿ ಮೀನುಹಲ್ಲಿ

ಧಾರವಾಡದಲ್ಲಿ ಇಪ್ಪತ್ತು ವರ್ಷಗಳಿಂದ ಗಣಪತಿ ಮಾಡುತ್ತಿದ್ದೇನೆ. ಸೊಂಡಿಲನ್ನು ಕತ್ತಲೆಯಲ್ಲಿಯೂ ತಿದ್ದಬಲ್ಲೆ. ಹೋದ ದೀಪಾವಳಿ ಮುಗಿದ ಮೇಲೆ ನಮ್ಮ ಓಣಿಯ ಶಾಲೆಯ ವಿಜ್ಞಾನದ ಮಾಸ್ತರರು ಬಂದು, 'ವಸ್ತುಪ್ರದರ್ಶನಕ್ಕೆ ಒಂದು ಇಕ್ತಿಯೊಸಾರ್ ಮಾಡಿಕೊಡಿ' ಎಂದರು. ಆ ಹೆಸರು ನಾಲಿಗೆಗೆ ಹತ್ತಲು ನನಗೆ ಎರಡು ದಿನ ಬೇಕಾಯಿತು.

ಹೆಸರಿನ ಅರ್ಥ ಮೀನುಹಲ್ಲಿ. ಮೈಕಟ್ಟು ಮೀನಿನದು, ಜಾತಿ ಸರೀಸೃಪದ್ದು. ಉಸಿರಿಗೆ ನೀರಿನ ಮೇಲೆ ಬರುತ್ತಿತ್ತು, ಮೊಟ್ಟೆಯಿಡದೆ ಮರಿ ಹಾಕುತ್ತಿತ್ತು. ಗುಜರಾತಿನ ಕಚ್‌ನಲ್ಲಿ ಸಿಕ್ಕ, ಸುಮಾರು 15 ಕೋಟಿ ವರ್ಷ ಹಳೆಯ ಅಸ್ಥಿಪಂಜರದ ವರದಿ 2017ರಲ್ಲಿ ಪ್ರಕಟವಾಗಿತ್ತು. ಆ ಪ್ರಾಣಿಯ ಉದ್ದ ಸುಮಾರು ಐದೂವರೆ ಮೀಟರ್, ಅಂದರೆ 18 ಅಡಿ. ಅಷ್ಟುದ್ದದ್ದು ನನ್ನ ಶೆಡ್ಡಿನಲ್ಲಿ ತಿರುಗುವುದಿಲ್ಲ. ಅರ್ಧ ಅಳತೆಗೆ ಒಪ್ಪಿದೆ.

ಬಿದಿರಿನ ಹಂದರ ಕಟ್ಟಿ, ಹುಲ್ಲು ಸುತ್ತಿ, ಸುತಳಿ ಬಿಗಿದು ಮಣ್ಣು ಮೆತ್ತಿದೆ. ಎಡವಿದ್ದು ಬಾಲದಲ್ಲಿ. ಚಿತ್ರದಲ್ಲಿ ಡಾಲ್ಫಿನ್‌ನಂತೆ ಕಂಡಿತ್ತು. ಬಾಲವನ್ನು ಮೊರದ ಹಾಗೆ ಅಡ್ಡಲಾಗಿ ಹರಡಿಬಿಟ್ಟೆ. ನೋಡಲು ಬಂದ ಏಳನೆಯ ತರಗತಿಯ ಹುಡುಗಿಯೊಬ್ಬಳು, 'ಕಾಕಾ, ಇದು ತಿಮಿಂಗಿಲದ ಬಾಲ. ಇದರದು ಮೀನಿನ ಬಾಲದಂತೆ ನೆಟ್ಟಗೆ ನಿಲ್ಲಬೇಕು' ಎಂದಳು. ಮಾಸ್ತರರೂ ಹೌದೆಂದರು. ಇಡೀ ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಕಿತ್ತು ಮತ್ತೆ ಕಟ್ಟುವಾಗ ಮಾಸ್ತರರು ಹೇಳಿದ್ದು ನನಗೆ ಈಗಲೂ ಸೋಜಿಗ. ಶಾರ್ಕಿನ ಬೆನ್ನೆಲುಬು ಬಾಲದ ಮೇಲಿನ ಎಸಳಿಗೆ ಏರುತ್ತದೆ. ಇದರದು ಕೆಳಗಿನ ಎಸಳಿಗೆ ಇಳಿಯುತ್ತದೆ. ಮೇಲಿನ ಎಸಳಿನಲ್ಲಿ ಮೂಳೆಯೇ ಇಲ್ಲ, ಬೆನ್ನ ಮೇಲಿನ ಈಜುರೆಕ್ಕೆಯಲ್ಲಿಯೂ ಇಲ್ಲ. ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನ ಕಲ್ಲುಹಾಸುಗಳಲ್ಲಿ ಕೆಲವು ಪ್ರಾಣಿಗಳ ಮೈಯ ಅಂಚು ಕಪ್ಪಗೆ ಅಚ್ಚೊತ್ತಿ ಉಳಿದಿದ್ದರಿಂದ ಇವೆರಡರ ಆಕಾರ ತಿಳಿಯಿತಂತೆ. ಸರಿ, ನಾನೂ ಬಿದಿರಿನ ಸೀಳನ್ನು ಒಲೆಗೆ ಹಿಡಿದು ಬಾಗಿಸಿ ಕೆಳಗಿನ ಎಸಳಿಗೆ ಇಳಿಸಿದೆ. ಮೇಲಿನದಕ್ಕೆ ಬರೀ ಗೋಣಿತಟ್ಟನ್ನು ತೆಳ್ಳನೆಯ ಕೆಸರಿನಲ್ಲಿ ಅದ್ದಿ ಹೊಲಿದೆ. ಭಾರವೂ ಇಳಿಯಿತು.

ಆನೆಯ ಸಣ್ಣ ಕಣ್ಣು ಬರೆದು ಪಳಗಿದ ಕೈಗೆ ಇದರ ಕಣ್ಣು ಅಳುಕು ಹುಟ್ಟಿಸಿತು. ಇದರ ಬಳಗದ ಆಫ್ತಾಲ್ಮೊಸಾರಸ್‌ನ ಕಣ್ಣು 20 ಸೆಂಟಿಮೀಟರಿಗಿಂತಲೂ ಅಗಲ, ಒಳಗೆ ಮೂಳೆಯ ಬಿಲ್ಲೆಗಳ ಬಳೆ. ಅರ್ಧ ಅಳತೆಗೆ ಮನೆಯ ಹಿತ್ತಾಳೆ ಬಟ್ಟಲು ಸರಿಹೊಂದಿತು. ಹೆಂಡತಿ ಇನ್ನೂ ಅದನ್ನು ಕೇಳುತ್ತಿದ್ದಾಳೆ.

'ಇಂಥದ್ದು ನಮ್ಮ ಹೊಲದಲ್ಲಿಯೂ ಸಿಗುತ್ತದೆಯೇ?' ಎಂದು ಹುಡುಗರು ಕೇಳಿದರು. ಇಲ್ಲ. ಧಾರವಾಡದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆಗ ಮೀನೂ ಇರಲಿಲ್ಲ, ಹಲ್ಲಿಯೂ ಇರಲಿಲ್ಲ.

ಎರೆಮಣ್ಣು ಒಣಗುತ್ತ ಹೊಟ್ಟೆ ಬಿರಿಯಿತು. ಹತ್ತಿ ಕುಟ್ಟಿ ಕಲಸಿದ ಮಣ್ಣಿನಿಂದ ಮೂರು ಸಲ ಮುಚ್ಚಿದೆ. ಪ್ರದರ್ಶನದ ಹಿಂದಿನ ರಾತ್ರಿ ಅಕಾಲದ ಮಳೆ ಬಂತು. ಎದ್ದು ಓಡಿಹೋಗಿ, ಸಮುದ್ರದ ಪ್ರಾಣಿ ನೆನೆಯದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಂದೆ.