ನೀರಲ್ಲಿ ಸಿಕ್ಕ ದೇಹವನ್ನು ನಾನು ಹೇಗೆ ನೋಡುತ್ತೇನೆ

ಜಿಲ್ಲಾಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುವ ಫೊರೆನ್ಸಿಕ್ ಡಾಕ್ಟರ್ ನಾನು. ಬಾವಿ, ಕೆರೆ, ಈಗೀಗ ಕೃಷಿ ಹೊಂಡದಿಂದ ಎತ್ತಿದ ದೇಹಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಮಾಡಿ, ಶವ ಪಂಚನಾಮೆ ಮುಗಿಸಿ ಕಾಗದ ಕೊಡುತ್ತಾರೆ. ಇದಕ್ಕೆ ಮೊದಲು ಸಿಆರ್‌ಪಿಸಿ 174 ಅಂತಿದ್ದ ಕಲಂ, 2024ರ ಜುಲೈಯಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194 ಆಗಿದೆ. ಮದುವೆಯಾಗಿ 7 ವರ್ಷ ತುಂಬದ ಹೆಣ್ಣುಮಗಳಾದರೆ ಪಂಚನಾಮೆಗೆ ತಹಶೀಲ್ದಾರರೇ ಬರುತ್ತಾರೆ. ಕಾಗದದಲ್ಲಿ ಹೆಚ್ಚಾಗಿ ಇರೋದು ಒಂದೇ ಮಾತು, ಕಾಲು ಜಾರಿ ನೀರಿಗೆ ಬಿದ್ದು ಮೃತಪಟ್ಟಿರುತ್ತಾರೆ ಅಂತ.

ಅದನ್ನು ಓದುತ್ತೇನೆ, ಆದರೆ ನಂಬಿಕೊಂಡು ಕೆಲಸ ಶುರು ಮಾಡುವುದಿಲ್ಲ. ಕೊಂದು ನೀರಿಗೆ ಹಾಕಿದರೂ ಅಂಗೈ, ಅಂಗಾಲಿನ ಚರ್ಮ ಬಿಳಿಚಿಕೊಂಡು ಸುಕ್ಕಾಗುತ್ತದೆ. ಅದರಿಂದ ದೇಹ ನೀರಲ್ಲಿತ್ತು ಅಂತ ಮಾತ್ರ ಗೊತ್ತಾಗುತ್ತದೆ. ನೀರಿಗೆ ಬಿದ್ದಾಗ ಉಸಿರಿತ್ತಾ, ಅದು ನನ್ನ ಪ್ರಶ್ನೆ.

ಅದಕ್ಕೇ ಬಟ್ಟೆ ಬಿಚ್ಚುವ ಮೊದಲೇ ಮುಖ ಮತ್ತು ಮುಷ್ಟಿ ನೋಡುತ್ತೇನೆ. ಮೂಗು ಬಾಯಲ್ಲಿ ಸಣ್ಣ ಗುಳ್ಳೆಯ, ಅಂಟಂಟಾದ ಬಿಳಿ ನೊರೆ ಇದ್ದರೆ ಒರೆಸಿ, ಎದೆ ಒತ್ತುತ್ತೇನೆ. ಮುಳುಗಿ ಸತ್ತವರ ದೇಹದಲ್ಲಿ ಅದು ಮತ್ತೆ ಉಕ್ಕಿ ಬರುತ್ತದೆ. ಹಾಗಂತ ನೊರೆ ಒಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ, ಕೀಟನಾಶಕ ಕುಡಿದವರಲ್ಲೂ ಬರುತ್ತದೆ, ಮತ್ತು ಔಷಧಿ ಕುಡಿದು ಬಾವಿಗೆ ಹಾರುವವರೂ ಇದ್ದಾರೆ, ಆಗ ಹೊಟ್ಟೆ ತೆರೆದಾಗ ಬರುವ ಘಾಟು ಸುಳಿವು ಕೊಡುತ್ತದೆ. ಮುಷ್ಟಿ ಬಿಗಿಯಾಗಿದ್ದು ಒಳಗೆ ಕೆರೆಯ ಜೊಂಡೋ ಕೆಸರೋ ಸಿಕ್ಕರೆ ಅದು ದೊಡ್ಡ ಸಾಕ್ಷಿ. ಜೀವ ಇದ್ದಾಗಲೇ ಏನನ್ನಾದರೂ ಹಿಡಿಯೋಕೆ ನೋಡಿದ್ದಾರೆ ಅಂತ ಅರ್ಥ.

ಕುತ್ತಿಗೆಯನ್ನು ಕೊನೆಗೆ ತೆರೆಯುತ್ತೇನೆ. ಮೊದಲು ತಲೆ, ಎದೆ ತೆರೆದು ಕುತ್ತಿಗೆಯ ರಕ್ತ ಇಳಿದು ಹೋಗೋಕೆ ಬಿಡಬೇಕು, ಆಮೇಲೆ ಕುತ್ತಿಗೆಯ ಸ್ನಾಯುಗಳನ್ನು ಒಂದೊಂದೇ ಪದರ ಬಿಡಿಸುತ್ತಾ ಹೋಗಬೇಕು. ಅವಸರಪಟ್ಟು ಮೊದಲೇ ಕೊಯ್ದರೆ ನಾವೇ ಸುರಿಸಿದ ರಕ್ತ ಹರಡಿಕೊಂಡು, ಕತ್ತು ಹಿಸುಕಿದಾಗ ಆಗುವ ರಕ್ತಗಟ್ಟಿನ ಹಾಗೇ ಕಾಣುತ್ತದೆ. ಹೊರಗೆ ಗೀರೂ ಇಲ್ಲದೆ ಒಳಗೆ ಪೆಟ್ಟಿರುವುದು ಉಂಟು. "ಮುಳುಗಿದ್ದೇ ಅಲ್ವಾ ಸರ್, ಬೇಗ ಮುಗಿಸಿ, ಜನ ಕಾಯ್ತಿದ್ದಾರೆ" ಅಂತ ಹೊರಗಿನಿಂದ ಒತ್ತಡ ಬರುತ್ತದೆ. ಈ ಹಂತದಲ್ಲಿ ನಾನು ಯಾರ ಮಾತಿಗೂ ಆತುರಪಡುವುದಿಲ್ಲ.

ದೇಹ ಕೊಳೆತಿದ್ದರೆ ನೊರೆ ಉಳಿದಿರುವುದಿಲ್ಲ. ಆಗ ಡಯಾಟಮ್ ಪರೀಕ್ಷೆಗೆ ಎದೆಮೂಳೆ ಅಥವಾ ತೊಡೆಮೂಳೆ ತೆಗೆದಿಡುತ್ತೇನೆ. ಡಯಾಟಮ್ ಅಂದರೆ ನೀರಲ್ಲಿರುವ ಕಣ್ಣಿಗೆ ಕಾಣದ ಪಾಚಿ, ಅದರ ಚಿಪ್ಪು ಸಿಲಿಕಾದ್ದು, ಆಸಿಡ್‌ಗೂ ಕರಗಲ್ಲ. ಬದುಕಿದ್ದವರು ನೀರನ್ನು ಉಸಿರಿಗೆಳೆದುಕೊಂಡರೆ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯೊಳಗಿನ ಮಜ್ಜೆಯವರೆಗೂ ಹೋಗಬಲ್ಲದು. ಸತ್ತ ಮೇಲೆ ರಕ್ತ ಓಡಲ್ಲ, ಹಾಗಾಗಿ ಅಲ್ಲಿಗೆ ಸಾಮಾನ್ಯವಾಗಿ ತಲುಪಲ್ಲ. ಅದೇ ಹೊಂಡದ ನೀರನ್ನೂ ಸ್ವಚ್ಛ ಬಾಟಲಿಯಲ್ಲಿ ತರೋಕೆ ಪೊಲೀಸರಿಗೆ ಹೇಳುತ್ತೇನೆ, ಎರಡರಲ್ಲೂ ಒಂದೇ ಜಾತಿಯವು ಸಿಗಬೇಕು. ಮೂಳೆಯನ್ನು ಮಾತ್ರ ನಲ್ಲಿ ನೀರಲ್ಲಿ ತೊಳೆಯಬಾರದು, ಅದರಲ್ಲೂ ಡಯಾಟಮ್ ಇರಬಹುದು.

ಮನೆಯವರ ಜೊತೆ ಮಾತಾಡೋದೂ ನನ್ನ ಕೆಲಸವೇ ಅಂತ ನಾನು ಅಂದುಕೊಂಡಿದ್ದೇನೆ. ತುಟಿ, ಕಿವಿ, ರೆಪ್ಪೆ ಹರಿದದ್ದನ್ನು ಕಂಡು "ಯಾರೋ ಕೊಯ್ದಿದಾರೆ ಸರ್" ಅಂತ ಅಳುತ್ತಾರೆ. ಅಂಚಿನಲ್ಲಿ ರಕ್ತ ಇಳಿದಿಲ್ಲ, ಇದು ಆಮೇಲೆ ಮೀನು, ಏಡಿ ತಿಂದದ್ದು ಅಂತ ಕೂತು ಬಿಡಿಸಿ ಹೇಳುತ್ತೇನೆ. ಸುಮ್ನೆ ಬಿಟ್ಟರೆ ಆ ಅನುಮಾನ ಊರಲ್ಲಿ ಜಗಳವಾಗುತ್ತದೆ.

ಇಷ್ಟೆಲ್ಲ ಆದರೂ ಜಾರಿದ್ದಾ, ಹಾರಿದ್ದಾ, ತಳ್ಳಿದ್ದಾ ಅನ್ನೋದನ್ನು ದೇಹ ಹೇಳುವುದು ಕಡಿಮೆ. ಅದಕ್ಕೆ ಸ್ಥಳ ನೋಡಬೇಕು. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ನೆನೆದರೆ ಈಜು ಬಲ್ಲವನಿಗೂ ಹತ್ತೋಕಾಗಲ್ಲ. ಚಪ್ಪಲಿ ದಡದಲ್ಲಿತ್ತಾ, ನೀರಲ್ಲಿ ತೇಲುತ್ತಿತ್ತಾ, ಕೊಡ ಎಲ್ಲಿತ್ತು, ಇವನ್ನೆಲ್ಲ ತನಿಖಾಧಿಕಾರಿಯನ್ನು ಕೇಳಿ ಬರೆದುಕೊಳ್ಳುತ್ತೇನೆ. ವಿಷದ ಅನುಮಾನ ಇದ್ದರೆ ವಿಸೆರಾವನ್ನು, ಅಂದರೆ ಹೊಟ್ಟೆ, ಯಕೃತ್ತಿನಂಥ ಒಳ ಅಂಗಗಳ ತುಂಡುಗಳನ್ನು, ಗಟ್ಟಿ ಉಪ್ಪುನೀರಲ್ಲಿ ಹಾಕಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಕಳಿಸಿ, ವರದಿ ಬರುವವರೆಗೆ ಸಾವಿನ ಕಾರಣದ ಅಭಿಪ್ರಾಯ ಕಾಯ್ದಿರಿಸಿದೆ ಅಂತ ಬರೆಯುತ್ತೇನೆ. ಇನ್ಶೂರೆನ್ಸ್‌ಗೆ ಓಡಾಡುವ ಮನೆಯವರಿಗೆ ಇದರಿಂದ ಕಷ್ಟ ಆಗುತ್ತದೆ, ನನಗೆ ಗೊತ್ತು. ಎಫ್‌ಎಸ್‌ಎಲ್ ವರದಿ ಬಂದಿದೆಯಾ ಅಂತ ಠಾಣೆಯಲ್ಲಿ ವಿಚಾರಿಸುತ್ತಾ ಇರಿ, ಬಂದ ತಕ್ಷಣ ಅದನ್ನು ನಮಗೆ ತಲುಪಿಸಿ ಅಂತಿಮ ಅಭಿಪ್ರಾಯ ಪಡೆಯೋಕೆ ಹೇಳಿ ಅಂತ ಅವರಿಗೆ ಅಂದೇ ತಿಳಿಸಿರುತ್ತೇನೆ.