ಹಾರುವ ಹುಳ ಬಿಟ್ಟು ಬಾಗಿಲ ಚೌಕಟ್ಟು ನೋಡಿದೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಹಂಚಿನ ಮನೆ. ರೋಹಿಣಿ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟಿಗೆ ಮಳೆಹುಳ ಮುತ್ತುತ್ತವೆ, ಸಾರಿನ ತಟ್ಟೆಗೂ ಬೀಳುತ್ತವೆ. ಮೊದಲ ವರ್ಷ ನಾನು ಸ್ಪ್ರೇ ಹಿಡಿದು ಹೊಡೆದದ್ದೇ ಹೊಡೆದದ್ದು. ಸುಮ್ನೆ ದುಡ್ಡು ದಂಡ.

ಮರುವರ್ಷ ಮಳೆ ಬಂದ ರಾತ್ರಿ ಕರೆಂಟ್ ಇರಲಿಲ್ಲ. ಕಿಟಕಿಗಳೂ ಮುಚ್ಚಿದ್ದವು. ಆದರೂ ಬೆಳಿಗ್ಗೆ ಒಳಕೋಣೆಯ ಬಾಗಿಲ ಬುಡದಲ್ಲಿ ರೆಕ್ಕೆಗಳ ರಾಶಿ! ರೆಕ್ಕೆ ಇರುವೆ ಇರಬಹುದು ಅಂದುಕೊಂಡೆ. ಆದರೆ ಇರುವೆಗೆ ನಡು ಸಣ್ಣ, ಮುಂದಿನ ರೆಕ್ಕೆ ಉದ್ದ. ಇವಕ್ಕೆ ನಡುವೇ ಇಲ್ಲ, ನಾಲ್ಕೂ ರೆಕ್ಕೆ ಒಂದೇ ಅಳತೆ. ಗೆದ್ದಲೇ.

ಬಡಿಗೇರರನ್ನು ಕರೆಸಿದೆ. "ಹೊರಗ ಹಾರೂವು ಬಿಡ್ರೀ, ಹಲ್ಲಿ, ಕಪ್ಪಿ ನೋಡ್ಕೋತಾವ. ಒಳಗಿಂದ ಎದ್ದಾವಲ್ಲ, ಅವು ನಿಮ್ಮನಿ ತಿಂದು ಬೆಳೆದಾವ" ಎಂದರು. ಹಾರುವ ಹುಳ ಕಟ್ಟಿಗೆ ತಿನ್ನುವುದಿಲ್ಲ, ಜೋಡಿ ಹುಡುಕಿ ಹೊಸ ಗೂಡು ಹೂಡಲು ಹೊರಡುತ್ತದೆ. ಗೂಡು ಕೆಲವು ವರ್ಷ ಬಲಿತ ಮೇಲೆಯೇ ಹುಳ ಏಳುವುದು. ಅಂದರೆ ನಾನು ಮಲಗುತ್ತಿದ್ದ ಕೋಣೆಯಲ್ಲೇ ಅಷ್ಟು ದಿನದಿಂದ ಊಟ ನಡೆದಿತ್ತು.

ಸ್ಕ್ರೂಡ್ರೈವರ್ ಹಿಡಿಯಿಂದ ಚೌಕಟ್ಟು ಬಡಿದೆ. ಮೊಳಕಾಲೆತ್ತರದವರೆಗೂ ಟೊಳ್ಳು ಸದ್ದು. ಕಪಾಟು ಸರಿಸಿದರೆ ಗೋಡೆಯ ಮೇಲೆ ಬೆರಳಗಲದ ಮಣ್ಣಿನ ಗೆರೆ. ಎರಡು ಇಂಚು ಮುರಿದು ಬಿಟ್ಟೆ. ಮೂರನೇ ದಿನಕ್ಕೆ ಮತ್ತೆ ಕಟ್ಟಿದ್ದವು. ಗೂಡು ಜೀವಂತ ಇದೆ ಎಂದು ಖಾತ್ರಿಯಾಯಿತು.

ಗೋಡೆ, ನೆಲ ಕೂಡುವಲ್ಲಿ ಅಡಿಗೊಂದರಂತೆ 12 ಎಂಎಂ ತೂತು ಕೊರೆದೆ. ಗೆದ್ದಲಿಗೆ ಹಾಕುವ ಔಷಧ ಇಮಿಡಾಕ್ಲೋಪ್ರಿಡ್ (ಶೇ 30.5), ಲೀಟರ್ ನೀರಿಗೆ 2.1 ಎಂಎಲ್. ಗ್ಲೌಸ್, ಮಾಸ್ಕ್ ಹಾಕಿಕೊಂಡು ಕುಡಿಯುವಷ್ಟೂ ಕುಡಿಸಿ, ಸಿಮೆಂಟಿನಿಂದ ಮುಚ್ಚಿದೆ. ಹಿತ್ತಲ ಬಾವಿಯ ಕಡೆ ಮಾತ್ರ ಔಷಧ ಮುಟ್ಟಿಸಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಗೋಡೆಯಾಚೆ ಬಚ್ಚಲಿನ ಸೋರುವ ನಲ್ಲಿ. ಅದನ್ನು ರಿಪೇರಿ ಮಾಡಿಸದಿದ್ದರೆ ಗೆದ್ದಲಿಗೆ ಬೇಕಾದ ಗೋಡೆಯ ತೇವ ಹೋಗುತ್ತಿರಲಿಲ್ಲ.

ನ್ಯೂ ಆರ್ಲಿಯನ್ಸ್‌ನಲ್ಲಿರುವ ತಮ್ಮ ಫೋನಿನಲ್ಲಿ ಕೇಳಿ ನಕ್ಕ. ಮೇ ತಿಂಗಳಲ್ಲಿ ಫಾರ್ಮೋಸಾ ಗೆದ್ದಲು ಎದ್ದ ಸಂಜೆ ಅಲ್ಲಿಯವರು ದೀಪ ಆರಿಸಿ ಕೂರುತ್ತಾರಂತೆ. ಅದು ಎರಡನೇ ಮಹಾಯುದ್ಧದ ಹೊತ್ತಿಗೆ ಹಡಗಿನ ಸರಕಿನಲ್ಲಿ ಪೂರ್ವ ಏಷ್ಯಾದಿಂದ ಬಂದ ಹುಳ. ನಮ್ಮದು ಊರಿನದೇ, ದೂರಲು ಹಡಗೂ ಇಲ್ಲ.

ಮಣ್ಣಿನ ಗೆರೆ ಆಮೇಲೆ ಬೆಳೆಯಲಿಲ್ಲ. ಈ ವರ್ಷ ರೆಕ್ಕೆ ಬಿದ್ದದ್ದು ಪಡಸಾಲೆಯ ಬಲ್ಬಿನ ಕೆಳಗೆ ಮಾತ್ರ. ಚೌಕಟ್ಟಿನ ಕೆಳಗಿನ ಒಂದೂವರೆ ಅಡಿ ಉಳಿಯಲಿಲ್ಲ. ಬಡಿಗೇರರು ಕತ್ತರಿಸಿ ಸಾಗವಾನಿ ತುಂಡು ಜೋಡಿಸಿದ್ದಾರೆ. ಬಣ್ಣ ಇನ್ನೂ ಹೊಂದಿಲ್ಲ.